ಹವಾಮಾನದ ಮಾತನ್ನು ಊರಿಗೆ ಮುಟ್ಟಿಸಲು ಯಾವುದು ಸರಿ: ತಾಳಮದ್ದಳೆಯೋ, ರೀಲೋ, ಮಳೆ ಬೋರ್ಡೋ?

ಮಳೆಗಾಲ ಹತ್ತಿರ ಬಂದ ಹಾಗೆ ಒಂದೇ ಥರದ ಪ್ರಶ್ನೆಗಳು ಬರತೊಡಗುತ್ತವೆ. ತೀರ್ಥಹಳ್ಳಿ ಕಡೆಯ ಯುವಕ ಸಂಘದವರ ಹತ್ತಿರ ಐದು ಸಾವಿರ ರೂಪಾಯಿ ಇದೆ. ಹವಾಮಾನ ಬದಲಾವಣೆ ಬಗ್ಗೆ ಬೀದಿನಾಟಕ ಮಾಡೋಣವೋ, ವಿಡಿಯೋ ಮಾಡೋಣವೋ ಎಂದು ಕೇಳುತ್ತಾರೆ. ಹೊಸನಗರದ ಮೇಷ್ಟ್ರಿಗೆ ಮಕ್ಕಳಿಂದ ಏನು ಮಾಡಿಸಬೇಕು ಎಂಬ ಚಿಂತೆ. ಸಹಕಾರ ಸಂಘದ ನಿರ್ದೇಶಕರೊಬ್ಬರಿಗೆ ವಾರ್ಷಿಕ ಸಭೆಗೆ ಯಾರಾದರೂ ದೊಡ್ಡವರನ್ನು ಕರೆಸಿ ಭಾಷಣ ಮಾಡಿಸುವ ಆಸೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಮೂವರಿಗೂ ದಾರಿ ತಪ್ಪಿಸಿದ ಹಾಗೆ.

ಇವುಗಳಲ್ಲಿ ಬಹುಪಾಲನ್ನು ನಾನು ಮಾಡಿ ನೋಡಿದ್ದೇನೆ. ಕೆಲವನ್ನು ಕೆಡಿಸಿಯೂ ಇದ್ದೇನೆ. ಮೊದಲ ಸಲ ಸಾಗರದ ಹತ್ತಿರದ ಒಂದು ಊರಿನ ಸಭಾಭವನದಲ್ಲಿ ಪ್ರೊಜೆಕ್ಟರ್ ಹಾಕಿಸಿದ್ದೆ. ಜುಲೈ ತಿಂಗಳು. ಮೂರನೇ ಸ್ಲೈಡಿಗೆ ಕರೆಂಟು ಹೋಯಿತು. ಆಗ ಗೋಡೆಯ ಮೇಲಿದ್ದದ್ದು ಮಂಜುಗಡ್ಡೆಯ ತುಂಡಿನ ಮೇಲೆ ನಿಂತ ಹಿಮಕರಡಿ. ಕತ್ತಲೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: ‘ಆ ಕರಡಿ ಇರ್ಲಿ ಮಾರಾಯ್ರೆ, ಈ ಸಲ ಕೊಳೆಗೆ ಮೂರನೇ ಔಷಧಿ ಹೊಡೆಯೋದಾ ಬೇಡ್ವಾ?’ ಅಡಿಕೆಯ ಕೊಳೆರೋಗದ ಮಾತು ಅದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಭೆ ಅಲ್ಲಿಗೇ ಮುಗಿದು ಅವಲಕ್ಕಿ, ಚಹಾ ಶುರುವಾಯಿತು.

ಹಾಗಾಗಿ ಯಾವ ಮಾಧ್ಯಮ ಎಂದು ಆರಿಸುವ ಮೊದಲು ಯಾವ ತಕ್ಕಡಿಯಲ್ಲಿ ತೂಗಬೇಕು ಎಂದು ನೋಡೋಣ.

ಮೊದಲು ತಕ್ಕಡಿ

ಮಲೆನಾಡಿನಲ್ಲಿ ಒಂದು ಅನುಕೂಲ ಇದೆ. ಮಳೆ ಬದಲಾಗಿದೆ ಎಂದು ಯಾರಿಗೂ ಒಪ್ಪಿಸಬೇಕಾಗಿಲ್ಲ. ‘ಮೃಗಶಿರೆಯಲ್ಲಿ ಬರಬೇಕಾದ್ದು ಬರಲಿಲ್ಲ, ಆಶ್ಲೇಷೆಯಲ್ಲಿ ಒಂದೇ ಸಮ ಹೊಡೀತು’ ಎಂದು ಅವರೇ ನಮಗೆ ಹೇಳುತ್ತಾರೆ. ಗೊತ್ತಿಲ್ಲದಿರುವುದು ಹೆಸರು ಮಾತ್ರ. 2022ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಸಮೀಕ್ಷೆ ಸಂಸ್ಥೆ ಸಿ-ವೋಟರ್ ಭಾರತದಲ್ಲಿ ಮಾಡಿದ ಸಮೀಕ್ಷೆಯಲ್ಲಿ ನೂರಕ್ಕೆ 54 ಜನ ‘ಜಾಗತಿಕ ತಾಪಮಾನ ಏರಿಕೆ ಬಗ್ಗೆ ಸ್ವಲ್ಪ ಗೊತ್ತು’ ಅಥವಾ ‘ಕೇಳೇ ಇಲ್ಲ’ ಅಂದಿದ್ದರು. ಅದೇನು ಎಂದು ಎರಡು ಮಾತಿನಲ್ಲಿ ವಿವರಿಸಿದ ಮೇಲೆ 84 ಜನ ‘ಹೌದು, ಹಾಗೇ ಆಗ್ತಿದೆ’ ಅಂದರು. ಅಂದರೆ ಜನರಿಗೆ ವಿಷಯ ಗೊತ್ತು, ನಮ್ಮ ಪದ ಗೊತ್ತಿಲ್ಲ. ಹಾಗಾಗಿ ನಾನು ಮೊದಲು ನೋಡುವುದು ಇದನ್ನೇ: ಮಾತು ಅವರ ಅಂಗಳದಿಂದ ಹೊರಡುತ್ತದೆಯೇ, ಪಠ್ಯಪುಸ್ತಕದಿಂದ ಹೊರಡುತ್ತದೆಯೇ?

ಎರಡನೆಯದು, ಹೇಳುವವರು ಯಾರು. ಇದನ್ನು ಹೊರಗಿನಿಂದ ಬಂದವರು ಯಾವಾಗಲೂ ಮರೆಯುತ್ತಾರೆ. ನಮ್ಮಲ್ಲಿ ‘ಪರಿಸರ’ ಅನ್ನುವ ಪದ ಮುಗ್ಧ ಪದ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ ಬಿಟ್ಟು ಎದ್ದು ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಇದ್ದಾರೆ. ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರದ ಚಿಂತೆ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ 2011ರ ಗಾಡ್ಗೀಳ್ ವರದಿ, 2013ರ ಕಸ್ತೂರಿರಂಗನ್ ವರದಿ ಬಂದಾಗಿನಿಂದ ‘ಪರಿಸರ’ ಎಂದರೆ ‘ಎದ್ದೇಳಿ’ ಎಂಬ ನೋಟೀಸಿನ ಮುನ್ನುಡಿ ಎಂದೇ ಹಲವರು ತಿಳಿಯುತ್ತಾರೆ. ಅವರ ಅನುಮಾನ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆ ಅನುಮಾನ ಇಟ್ಟುಕೊಂಡೇ ಅವರು ನಮ್ಮ ಮಾತು ಕೇಳುತ್ತಾರೆ. ಹಾಗಾಗಿ ಊರಿನವರೇ ಹೇಳುವ ಸಾಧಾರಣ ಮಾತು, ಹೊರಗಿನವರು ಹೇಳುವ ಚಂದದ ಮಾತಿಗಿಂತ ದೂರ ಹೋಗುತ್ತದೆ.

ಮೂರನೆಯದು, ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಬಹುದು. ‘ಜಾಗೃತರಾಗಿ’ ಅನ್ನುವುದು ಕೆಲಸ ಅಲ್ಲ. ಬಸಿಗಾಲುವೆ ಬಿಡಿಸುವುದು, ಬೆಳೆ ವಿಮೆ ಕಂತಿನ ಕೊನೇ ದಿನ ತಪ್ಪಿಸದಿರುವುದು, ಮನೆ ಹಿಂದಿನ ಧರೆಯನ್ನು, ಅಂದರೆ ಗುಡ್ಡದ ಇಳಿಜಾರು ಮಣ್ಣನ್ನು, ಜೆಸಿಬಿಯಿಂದ ನೆಟ್ಟಗೆ ಕಡಿಸದಿರುವುದು, ಇವು ಕೆಲಸ.

ಕೊನೆಯದು ಖರ್ಚು, ಕರೆಂಟು, ಕಾಲ. ನಾಟಿ ಹೊತ್ತಿನಲ್ಲಿ ಅಥವಾ ಕೊನೆಕೊಯ್ಲಿನ ಹೊತ್ತಿನಲ್ಲಿ ಕಾರ್ಯಕ್ರಮ ಇಟ್ಟರೆ ದೇವರೇ ಭಾಷಣ ಮಾಡಿದರೂ ಜನ ಬರುವುದಿಲ್ಲ.

ಮಳೆ ಬೋರ್ಡು

ನನ್ನ ಒಲವು ಇದರ ಕಡೆಗೆ. ಮುಚ್ಚಿಡುವುದಿಲ್ಲ.

ಬೇಕಾಗುವುದು ಒಂದು ಮಳೆಮಾಪಕ, ಒಂದು ಕರಿ ಹಲಗೆ, ದಿನಾ ಬರೆಯುವ ಒಬ್ಬ ಮನುಷ್ಯ. ಮಾಪಕ ಕೊಳ್ಳದಿದ್ದರೂ ಆದೀತು. ಬದಿ ನೆಟ್ಟಗಿರುವ ಡಬ್ಬಿಯನ್ನು ಮರ, ಮಾಡು ಅಡ್ಡ ಬಾರದ ಕಡೆ ಇಟ್ಟು, ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ಅಳೆದರೆ ಸಾಕು. ಬದಿ ನೆಟ್ಟಗಿದ್ದರೆ ಬಾಯಿ ಎಷ್ಟೇ ಅಗಲ ಇರಲಿ, ನಿಂತ ನೀರಿನ ಎತ್ತರವೇ ಮಳೆಯ ಲೆಕ್ಕ. ಹವಾಮಾನ ಇಲಾಖೆಯವರೂ ಅದೇ ಎಂಟೂವರೆಗೇ ಅಳೆಯುವುದರಿಂದ ನಿಮ್ಮ ಅಂಕಿಯನ್ನು ಅವರದ್ದರ ಜೊತೆ ಹೋಲಿಸಬಹುದು.

ಬೋರ್ಡು ಎಲ್ಲಿ ಹಾಕಬೇಕು? ಹಾಲಿನ ಡೇರಿಯ ಎದುರು. ಪಂಚಾಯಿತಿ ಕಟ್ಟೆ ಬೇಡ, ಅಲ್ಲಿಗೆ ಕೆಲಸ ಇದ್ದವರು ಮಾತ್ರ ಬರುತ್ತಾರೆ. ಡೇರಿಗೆ ದಿನಕ್ಕೆ ಎರಡು ಸಲ ಎಲ್ಲ ಜಾತಿಯ, ಎಲ್ಲ ವಯಸ್ಸಿನ ಜನ ಬರುತ್ತಾರೆ. ಕ್ಯಾನು ಇಳಿಸಿ ಐದು ನಿಮಿಷ ಸುಮ್ನೆ ನಿಲ್ಲುತ್ತಾರೆ.

ಏನು ಬರೆಯಬೇಕು ಅನ್ನುವುದು ಮುಖ್ಯ. ಇಂಗ್ಲಿಷ್ ತಿಂಗಳ ಲೆಕ್ಕ ಬಿಟ್ಟು ಮಳೆ ನಕ್ಷತ್ರದ ಲೆಕ್ಕದಲ್ಲಿ ಬರೆಯಿರಿ. ಆರಿದ್ರೆ, ಪುನರ್ವಸು, ಪುಷ್ಯ ಒಂದೊಂದೂ ಸುಮಾರು ಹದಿನಾಲ್ಕು ದಿನ. ಹೋಲಿಕೆಗೆ ಹೇಳಿ ಮಾಡಿಸಿದ ಅಳತೆ. ಮಿಲಿಮೀಟರ್ ಜೊತೆಗೆ ಇಂಚು ಇರಲಿ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಮಳೆ ಎಂದರೆ ತಲೆ ಆಡಿಸುತ್ತಾರೆ. ಮುನ್ನೂರು ಇಂಚು ಎಂದರೆ ‘ಹಾಂ’ ಅನ್ನುತ್ತಾರೆ. ಒಟ್ಟು ಮಳೆಯ ಪಕ್ಕದಲ್ಲಿ ಇನ್ನೆರಡು ಅಂಕಣ ಮಾಡಿ: ‘ಮಳೆ ಬಾರದ ದಿನ’ ಮತ್ತು ‘ಒಂದೇ ದಿನದ ಅತಿ ಜಾಸ್ತಿ ಮಳೆ’. ಕಥೆ ಇರುವುದು ಆ ಎರಡು ಅಂಕಣಗಳಲ್ಲೇ. ಒಟ್ಟು ಇಂಚು ಹೋದ ವರ್ಷದಷ್ಟೇ ಇದ್ದು, ಅದು ಮೊದಲಿನ ಅರ್ಧದಷ್ಟೇ ದಿನಗಳಲ್ಲಿ ಸುರಿದುಹೋಗಿದ್ದರೆ ತೋಟದವರಿಗೆ ಅದು ಬೇರೆಯೇ ವರ್ಷ.

ಅಲ್ಲಿಂದ ವಿಜ್ಞಾನಕ್ಕೆ ಹೋಗಲು ಎರಡೇ ಹೆಜ್ಜೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. 2011ರಿಂದ 2020ರ ದಶಕದಲ್ಲಿ ಭೂಮಿ 1850–1900ರ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು. ಕೊಡ ದೊಡ್ಡದಾದರೆ ತುಂಬಲು ಹೊತ್ತು ಜಾಸ್ತಿ, ಮಗುಚಿದಾಗ ಸುರಿಯುವುದೂ ಜಾಸ್ತಿ. ಡೇರಿ ಮುಂದೆ ನಿಂತವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಇದರ ದೋಷಗಳೂ ಇವೆ. ನಿಧಾನ. ಒಂದು ಮಳೆಗಾಲಕ್ಕೆ ಫಲ ಕಾಣುವುದಿಲ್ಲ. ಐದು ವರ್ಷದ ಅಂಕಿ ಹಿಡಿದು ‘ನೋಡಿ, ಹವಾಮಾನ ಬದಲಾಯ್ತು’ ಎಂದರೆ ಅದು ಸುಳ್ಳು. ಸರಾಸರಿ ಎಂದು ಕರೆಯಲು 30 ವರ್ಷದ ಲೆಕ್ಕ ಬೇಕು. ಇದಕ್ಕೆ ನಮ್ಮಲ್ಲೇ ಉಪಾಯ ಇದೆ. ಹಳೆ ಅಡಿಕೆ ಮನೆಗಳ ನಾಗಂದಿಗೆ ಮೇಲೆ ಮಳೆ ಡೈರಿಗಳಿವೆ. ನಾನು ನೋಡಿದ ಒಂದರಲ್ಲಿ ಹಾಳೆ ಅಂಚು ಗೆದ್ದಲು ತಿಂದಿತ್ತು. ಶಾಯಿ ಹರಡಿತ್ತು. ಆದರೂ ಪ್ರತಿ ಸಾಲಿನಲ್ಲಿ ಇಂಚು, ಪಕ್ಕದಲ್ಲಿ ಎರಡು ಪದ: ‘ಹಳ್ಳ ಕಟ್ಟಿತು’, ‘ಸಂಕ ಹೋಯಿತು’, ‘ಬಿಸಿಲು’. ಬೋರ್ಡಿನ ಪಕ್ಕ ಅಂಥ ಡೈರಿಯ ಒಂದು ಪುಟ ಅಂಟಿಸಿದರೆ ಯಾವ ಪೋಸ್ಟರೂ ಬೇಡ.

ಇನ್ನೊಂದು ಮಾತು. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ನಿಂತಿರುವುದೇ ಮಳೆಮಾಪಕದ ಅಂಕಿಯ ಮೇಲೆ. ಹಾಗಾಗಿ ‘ನಮ್ಮೂರ ಮಾಪಕ ಏನು ಹೇಳ್ತಿದೆ’ ಎಂಬ ಕುತೂಹಲ ಮೊದಲೇ ಇದೆ. ಅದನ್ನು ನೀವು ಹುಟ್ಟಿಸಬೇಕಾಗಿಲ್ಲ.

ಶಾಲೆಯ ಮಳೆ ಪುಸ್ತಕ

ಬೋರ್ಡಿನದೇ ಮರಿ. ಖರ್ಚು ಇನ್ನೂ ಕಮ್ಮಿ. ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ ಎಂಬುದು ದೊಡ್ಡ ಲಾಭ.

ಆದರೆ ಒಂದು ಹೊಂಡ ಇದೆ. ನಾನೇ ಬಿದ್ದಿದ್ದೇನೆ. ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನವರಿಂದ ಮಳೆ ಬರೆಸಿದೆವು. ಸೆಪ್ಟೆಂಬರಿನಲ್ಲಿ ಪುಸ್ತಕ ತೆರೆದರೆ ಅತಿ ಜೋರು ಮಳೆಯ ವಾರದಲ್ಲೇ ಮೂರು ದಿನ ಖಾಲಿ. ಯಾಕೆ? ಮಳೆ ಜಾಸ್ತಿ ಅಂತ ಶಾಲೆಗೆ ರಜೆ! ಯಾವ ದಿನದ ಅಂಕಿ ಬೇಕೋ ಅದೇ ದಿನ ಅಳೆಯುವವರಿಲ್ಲ. ಆಮೇಲೆ ಮಾಪಕವನ್ನು ಶಾಲೆ ಪಕ್ಕದ ಮನೆಯ ಅಂಗಳಕ್ಕೆ ಸಾಗಿಸಿದೆವು. ಮೇಷ್ಟ್ರುಗಳೇ, ಶುರುವಿಗೇ ಹೀಗೆ ಮಾಡಿಬಿಡಿ.

ಶಾಲೆಯಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ಪ್ಲಾಸ್ಟಿಕ್, ಓಝೋನ್ ರಂಧ್ರ, ಗಿಡ ನೆಡುವುದು, ಹವಾಮಾನ ಎಲ್ಲ ಒಂದೇ ಚೀಲದಲ್ಲಿ. ಪ್ಲಾಸ್ಟಿಕ್ ಎಸೆಯುವುದು ತಪ್ಪು, ಸರಿ. ಆದರೆ ‘ಪ್ಲಾಸ್ಟಿಕ್ ಬಿಟ್ಟರೆ ಮಳೆ ಸರಿಹೋಗುತ್ತೆ’ ಎಂದು ಕಲಿತ ಮಗುವಿಗೆ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲಿನ ಹೊಗೆಯ ಸುದ್ದಿಯೇ ಗೊತ್ತಿರುವುದಿಲ್ಲ. ಹಸಿರುಮನೆ ಪರಿಣಾಮ ವಿವರಿಸಲು ಚಿತ್ರ ಬೇಡ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಸಿದ ಮನೆಯೊಳಗೆ ಬಿಸಿಲಿದ್ದಾಗ ಮಕ್ಕಳನ್ನು ಎರಡು ನಿಮಿಷ ನಿಲ್ಲಿಸಿ. ಬಿಸಿಲು ಒಳಗೆ ಬರುತ್ತದೆ, ಕಾವು ಹೊರಗೆ ಹೋಗುವುದಿಲ್ಲ. ಭೂಮಿಯ ಸುತ್ತಲಿನ ಗಾಳಿ ಕೆಲಸ ಮಾಡುವ ರೀತಿ ಪೂರ್ತಿ ಇದೇ ಅಲ್ಲ, ಅಲ್ಲಿ ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರಿ ಮತ್ತೆ ಕೆಳಕ್ಕೂ ಬಿಡುತ್ತದೆ. ಆದರೆ ಬೆವರು ಒರೆಸಿಕೊಂಡು ಹೊರಬಂದ ಮಗು ಈ ಪಾಠ ಮರೆಯುವುದಿಲ್ಲ.

ತಾಳಮದ್ದಳೆ, ಯಕ್ಷಗಾನ

ಪೂರ್ತಿ ಮೇಳ ಕರೆಸಿ ಆಟ ಆಡಿಸುವುದು ಯುವಕ ಸಂಘದ ಐದು ಸಾವಿರಕ್ಕೆ ಆಗುವ ಮಾತಲ್ಲ. ತಾಳಮದ್ದಳೆಗೆ ವೇಷ ಬೇಡ, ರಂಗಸ್ಥಳ ಬೇಡ. ಹಾಡುವ ಭಾಗವತರು, ಹಿಮ್ಮೇಳ, ಕೂತು ಮಾತಿನಲ್ಲೇ ಪಾತ್ರ ಕಟ್ಟುವ ನಾಲ್ಕೈದು ಜನ ಅರ್ಥಧಾರಿಗಳು, ಒಂದು ಜಗಲಿ. ಮಳೆಗಾಲದಲ್ಲೇ ನಡೆಯುತ್ತದೆ. ಕರೆಂಟು ಹೋದರೂ ನಡೆಯುತ್ತದೆ. ಐವತ್ತು ದಾಟಿದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಗುಟ್ಟು ಇರುವುದು ಪ್ರಸಂಗದ ಆಯ್ಕೆಯಲ್ಲಿ. ‘ಇಂಗಾಲಾಸುರ ವಧೆ’ ಎಂದು ಹೊಸದು ಕಟ್ಟಿಸಲು ಹೋಗಬೇಡಿ. ಜನ ನಗುತ್ತಾರೆ, ನೆನಪಿಡುವುದಿಲ್ಲ. ಖಾಂಡವ ದಹನ ಇದೆಯಲ್ಲ, ಅದು ಸಾಕು. ಯಜ್ಞದ ತುಪ್ಪ ವರ್ಷಗಟ್ಟಲೆ ಕುಡಿದು ಅಗ್ನಿಗೆ ಅಜೀರ್ಣ. ಮದ್ದು ಅಂತ ಒಂದು ಕಾಡನ್ನೇ ಕೇಳುತ್ತಾನೆ. ಇಂದ್ರ ಮಳೆ ಸುರಿಸುತ್ತಾನೆ, ಅರ್ಜುನ ಬಾಣದ ಚಪ್ಪರ ಹಾಕುತ್ತಾನೆ. ಒಬ್ಬ ಒಳ್ಳೆಯ ಅರ್ಥಧಾರಿಗೆ ಹೊಟ್ಟೆ ತುಂಬಿದ ಮೇಲೂ ಹಸಿವು ತೀರದ ಅಗ್ನಿಯನ್ನು ಕೊಟ್ಟರೆ, ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ. ನೀವು ಮಾಡಬೇಕಾದ್ದು ಇಷ್ಟೇ: ವಾರ ಮೊದಲು ಅವರ ಮನೆಗೆ ಹೋಗಿ, ಒಂದು ಹಾಳೆಯಲ್ಲಿ ಆರೇಳು ಸಂಗತಿ ಬರೆದು ಕೊಟ್ಟು, ಒಂದು ಗಂಟೆ ಮಾತಾಡಿ ಬರುವುದು. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ ಸುಮಾರು 14 ಟನ್ ಎಂಬ ಲೆಕ್ಕ ಆ ಹಾಳೆಯಲ್ಲಿ ಖಂಡಿತ ಇರಲಿ. ತುಪ್ಪ ಕುಡಿದವರು ಯಾರು, ಕಾಡು ಯಾರದ್ದು ಎಂಬ ಮಾತು ಆಗ ತಾನಾಗಿಯೇ ಬರುತ್ತದೆ. ಒಲೆಗೆ ದರಗು ಹೊತ್ತು ತರುವ ಹೆಂಗಸಿಗೆ ‘ನಿನ್ನಿಂದ ಭೂಮಿ ಬಿಸಿಯಾಯಿತು’ ಎಂದು ಬೋಧನೆ ಮಾಡುವ ತಪ್ಪಿನಿಂದಲೂ ಪಾರಾಗುತ್ತೀರಿ.

ಕೊರತೆ ಎಂದರೆ ಮಾತು ಎತ್ತ ಹೋಗುತ್ತದೆ ಎಂಬ ಲಗಾಮು ನಿಮ್ಮ ಕೈಯಲ್ಲಿಲ್ಲ. ಒಮ್ಮೆ ಅಗ್ನಿಗೂ ಅರ್ಜುನನಿಗೂ ವಾದ ಏರಿ ವಿಷಯ ಕ್ಷತ್ರಿಯ ಧರ್ಮದ ಕಡೆ ಹೋದದ್ದು ರಾತ್ರಿ ಹನ್ನೆರಡಾದರೂ ವಾಪಸ್ ಬರಲಿಲ್ಲ. ಚೆನ್ನಾಗಿತ್ತು, ಅದು ಬೇರೆ ವಿಷಯ. ಹುಡುಗರೂ ಕಮ್ಮಿ ಬರುತ್ತಾರೆ. ಮರುದಿನದ ಕೆಲಸ ಏನು ಎಂದು ಇದು ಹೇಳುವುದೂ ಇಲ್ಲ. ಮನಸ್ಸು ಹದ ಮಾಡುತ್ತದೆ, ಅಷ್ಟೇ.

ಬೀದಿನಾಟಕ

ಸಂತೆ ದಿನ, ಬಸ್‌ಸ್ಟ್ಯಾಂಡು, ಶಿವಮೊಗ್ಗ ಪೇಟೆ. ಇಂಥ ಕಡೆ ಸರಿ. ನಿಂತು ನೋಡುವ ಜನ ಹತ್ತು ನಿಮಿಷಕ್ಕೆ ಚದುರುತ್ತಾರೆ, ಹಾಗಾಗಿ ಒಂದೇ ವಿಷಯ ಇಟ್ಟುಕೊಳ್ಳಿ. ಪೇಟೆಯವರಿಗೆ ಕೊಳೆರೋಗದ ಕಥೆ ಬೇಡ. ಅವರಿಗೆ ಏಪ್ರಿಲ್ ಸೆಕೆ, ಕಡಿದುಹೋದ ರಸ್ತೆ ಬದಿಯ ಮರ, ಮಳೆ ಬಂದರೆ ಉಕ್ಕುವ ಚರಂಡಿ ಹತ್ತಿರದ ವಿಷಯ. ಒಂದು ಎಚ್ಚರಿಕೆ: ಹೆಗ್ಗೋಡಿನ ನೀನಾಸಂ 1949ರಿಂದ ಇರುವ ಜಿಲ್ಲೆ ಇದು. ಇಲ್ಲಿಯ ಜನಕ್ಕೆ ನಾಟಕ ನೋಡಿ ಗೊತ್ತು. ಕೈಯಲ್ಲಿ ‘ಮರ’ ಎಂದು ಬರೆದ ಹಲಗೆ ಹಿಡಿದು ನಿಂತರೆ ಮೊದಲ ನಿಮಿಷಕ್ಕೇ ಮಾರ್ಕು ಕಳೆಯುತ್ತಾರೆ.

ರೀಲು ಮತ್ತು ವಾಟ್ಸಾಪ್

ಇಪ್ಪತ್ತರ ಹುಡುಗರಿಗೆ, ಬೆಂಗಳೂರಿನಲ್ಲಿದ್ದು ಊರಿನ ತೋಟದ ಮೇಲೆ ಕಣ್ಣಿಟ್ಟವರಿಗೆ ಇದೇ ದಾರಿ. ಫೋನ್ ಇದ್ದರೆ ಖರ್ಚಿಲ್ಲ. ಆದರೆ ಆಯುಸ್ಸು ಒಂದು ದಿನ. ಘಟ್ಟದ ಒಳಗಿನ ಊರುಗಳಲ್ಲಿ ವಿಡಿಯೋ ತೆರೆಯುವುದೇ ಇಲ್ಲ, ಗುಡ್ಡ ಹತ್ತಬೇಕು.

ನನ್ನ ಅನುಭವದಲ್ಲಿ ಹೊಸ ಗುಂಪು ಮಾಡುವುದು ದಂಡ. ಈಗಾಗಲೇ ಎಲ್ಲರೂ ನೋಡುವ ಗುಂಪು ಒಂದಿದೆ: ಅಡಿಕೆ ಧಾರಣೆಯದ್ದು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಎಂದು ಬಂದ ಮೇಲೆ ಕೆಳಗೆ ಒಂದು ಸಾಲು ‘ಇವತ್ತಿನ ಮಳೆ, ಹೋದ ವರ್ಷ ಇದೇ ದಿನದ ಮಳೆ’ ಸೇರಿಸಲು ಗುಂಪಿನವರನ್ನು ಒಪ್ಪಿಸಿ. ಅಕ್ಷರದ ಸಾಲಿಗೆ ನೆಟ್‌ವರ್ಕ್ ಜಾಸ್ತಿ ಬೇಡ.

ಸುಳ್ಳು ಸುದ್ದಿಯೂ ಇಲ್ಲೇ ಜಾಸ್ತಿ ಓಡುವುದು. 2024ರ ಜುಲೈ 30ರ ವಯನಾಡು ಭೂಕುಸಿತದ ನಂತರ ಯಾವ್ಯಾವುದೋ ಊರಿನ ವಿಡಿಯೋ ‘ನಮ್ಮ ಘಟ್ಟದ್ದು’ ಎಂದು ಬಂದವು. ನಿಮ್ಮ ರೀಲಿನಲ್ಲಿ ಮಾತು ಅಳೆದು ಆಡಿ. ಆ ದುರಂತದ ಬಗ್ಗೆ ವಿಜ್ಞಾನಿಗಳು ಹೇಳಿದ್ದು ಹವಾಮಾನ ಬದಲಾವಣೆಯೊಂದೇ ಗುಡ್ಡ ಕೆಡವಿತು ಎಂದಲ್ಲ, ಆ ದಿನದ ಮಳೆಯನ್ನು ಅದು ಸುಮಾರು ಶೇಕಡಾ 10ರಷ್ಟು ಜೋರು ಮಾಡಿತು ಎಂದು. ನಮ್ಮ ಧರೆಗಳಿಗೂ ಇದೇ ಮಾತು. ಮೇಲಿನಿಂದ ಮಳೆ, ಕೆಳಗಿನಿಂದ ಜೆಸಿಬಿ. ಒಂದನ್ನೇ ದೂರಿದರೆ ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ, ಅವರು ಕಣ್ಣಾರೆ ನೋಡಿದ್ದಾರಲ್ವಾ.

ತಜ್ಞರ ಭಾಷಣ

ಹಿಮಕರಡಿ ಪ್ರಕರಣದ ನಂತರವೂ ನಾನು ಇದನ್ನು ಪೂರ್ತಿ ಬಿಟ್ಟಿಲ್ಲ. ಸಹಕಾರ ಸಂಘದ ಸಭೆಗೆ ಇದು ಸರಿಹೊಂದುತ್ತದೆ, ಏಕೆಂದರೆ ಅಲ್ಲಿ ಕೂತವರಿಗೆ ಕೇಳಲು ಪ್ರಶ್ನೆಗಳಿರುತ್ತವೆ. ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದಂಥ ಕಡೆಯಿಂದ ತೋಟದ ರೋಗ ಗೊತ್ತಿರುವವರನ್ನು ಕರೆಸಿ. ಹವಾಮಾನದ ಬಗ್ಗೆ ಮಾತ್ರ ಗೊತ್ತಿರುವವರು ಬೇಡ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಆ 45ನೇ ದಿನ ಬಿಡುವೇ ಕೊಡದೆ ಮಳೆ ಹೊಡೆದರೆ ಏನು ಮಾಡಬೇಕು ಎಂಬುದೇ ಇವತ್ತಿನ ಹವಾಮಾನದ ಪ್ರಶ್ನೆ. ಹದಿನೈದು ನಿಮಿಷ ಭಾಷಣ, ಒಂದು ಗಂಟೆ ಪ್ರಶ್ನೋತ್ತರ ಎಂದು ಮೊದಲೇ ಷರತ್ತು ಹಾಕಿ. ಪ್ರೊಜೆಕ್ಟರ್ ಬೇಡವೇ ಬೇಡ.

ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಕೇಳೇ ಕೇಳುತ್ತಾರೆ. ಎಲ್ಲದಕ್ಕೂ ಹವಾಮಾನವೇ ಕಾರಣ ಎಂದು ಹೇಳದ ತಜ್ಞರೇ ಒಳ್ಳೆಯ ತಜ್ಞರು.

ಆಕಾಶವಾಣಿ

ಭದ್ರಾವತಿ ಆಕಾಶವಾಣಿ 1965ರಿಂದ ಇದೆ. ಅಡಿಕೆ ಸುಲಿಯುವ ಕೈಗೆ ಬಿಡುವಿಲ್ಲ, ಕಿವಿಗೆ ಇದೆ. ಹಾಗಾಗಿ ಸುಲಿಯುವ ಕಾಲಕ್ಕೆ ರೇಡಿಯೋ ಅತ್ಯುತ್ತಮ. ನೀವೇ ಕಾರ್ಯಕ್ರಮ ತಯಾರಿಸುವ ಗೋಜು ಬೇಡ. ಮಳೆ ಡೈರಿ ಬರೆದ ಹಿರಿಯರೊಬ್ಬರ ಬಗ್ಗೆ ಒಂದು ಕಾಗದ ಬರೆದು ಕಳಿಸಿ. ಸಂದರ್ಶನಕ್ಕೆ ಅವಕಾಶ ಸಿಕ್ಕರೆ ನೀವು ಕೂರಬೇಡಿ, ಅವರನ್ನು ಕೂರಿಸಿ.

ಮಹಿಳಾ ಸ್ವಸಹಾಯ ಸಂಘದ ವಾರದ ಸಭೆ

ಇದನ್ನು ಆಯ್ಕೆ ಎಂದು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಮೇಲಿನ ಎಷ್ಟೋ ಕಾರ್ಯಕ್ರಮಗಳಲ್ಲಿ ಹೆಂಗಸರು ಬಾಗಿಲ ಹಿಂದೆಯೋ ಅಡುಗೆಮನೆಯಲ್ಲೋ ಇರುತ್ತಾರೆ. ಸ್ವಸಹಾಯ ಸಂಘದ ಸಭೆಯಲ್ಲಿ ಅವರದ್ದೇ ಮಾತು. ಬಾವಿ ಯಾವ ತಿಂಗಳಲ್ಲಿ ತಳ ಕಂಡಿತು ಎಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಕಾಲದಲ್ಲಿ ಕಾಡಿಗೆ ಹೋಗುವ ಮುಂಚೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು ಆಶಾ ಕಾರ್ಯಕರ್ತೆಯರೇ. ಖರ್ಚು ಸೊನ್ನೆ. ಆದರೆ ಕರೆಯದೆ ಹೋಗಬಾರದು, ಸಾಲದ ಲೆಕ್ಕ ಮುಗಿಯುವ ಮುಂಚೆ ಬಾಯಿ ತೆರೆಯಬಾರದು.

ಜೂನ್ 5ರ ಪರಿಸರ ದಿನದ ಗಿಡ ನೆಡುವ ಕಾರ್ಯಕ್ರಮದ ಬಗ್ಗೆ ಕೇಳಿದವರಿಗೆ ನಾನು ಕೇಳುವುದು ಒಂದೇ: ಹೋದ ವರ್ಷದ್ದು ಬದುಕಿದೆಯಾ, ಗುಂಡಿ ಅದೇನಾ?

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿ ಸಾವಿರ, ಎರಡು ಸಾವಿರ ಇದ್ದರೆ ಬೋರ್ಡು ಹಾಕಿ, ಡೈರಿ ಹುಡುಕಿ. ಐದು ಸಾವಿರದ ಯುವಕ ಸಂಘಕ್ಕೂ ನನ್ನ ಉತ್ತರ ಇದೇ. ಉಳಿದ ದುಡ್ಡಿನಲ್ಲಿ ಊರಿನ ಕಲಾವಿದರನ್ನೇ ಕೂರಿಸಿ ಪುಷ್ಯ ಮಳೆಯಲ್ಲಿ ಒಂದು ತಾಳಮದ್ದಳೆ. ಮೇಷ್ಟ್ರು ಮಳೆ ಪುಸ್ತಕ ಹಿಡಿಯಲಿ. ಸಹಕಾರ ಸಂಘಕ್ಕೆ ತೋಟದ ತಜ್ಞರು, ಆದರೆ ಸಭೆಯ ದಿನ ಬೋರ್ಡಿನ ಅಂಕಿಗಳನ್ನು ಅವರ ಮುಂದಿಟ್ಟು ‘ಇದಕ್ಕೆ ಏನಂತೀರಿ’ ಎಂದು ಕೇಳಿ. ಒಂದೇ ತಿಂಗಳಲ್ಲಿ ಫಲ ಕಾಣಬೇಕು, ಫೋಟೋ ಕಳಿಸಬೇಕು ಎಂಬ ಒತ್ತಡ ಇದ್ದರೆ ಬೀದಿನಾಟಕ ಮಾಡಿ, ತಪ್ಪೇನಿಲ್ಲ. ಅದರಿಂದ ಜಾಸ್ತಿ ನಿರೀಕ್ಷೆ ಮಾತ್ರ ಬೇಡ.

ಬೋರ್ಡು ಹಾಕುವವರು ರೋಹಿಣಿ ಮಳೆಗೆ, ಅಂದರೆ ಮೇ 25ರ ಹೊತ್ತಿಗೆ, ಹಲಗೆ ತೂಗಿಬಿಡಿ. ಮೊದಲ ವಾರ ಯಾರೂ ನೋಡುವುದಿಲ್ಲ. ಎರಡನೇ ವಾರ ಯಾರಾದರೂ ಒಬ್ಬರು ಕ್ಯಾನು ಕೆಳಗಿಟ್ಟು, ‘ಇದು ತಪ್ಪು, ನಮ್ಮ ಕೇರಿಯಲ್ಲಿ ನಿನ್ನೆ ಎರಡು ಇಂಚು ಆಗಿದೆ’ ಎಂದು ಜಗಳಕ್ಕೆ ಬರುತ್ತಾರೆ. ಅವರ ಕೈಗೆ ಇನ್ನೊಂದು ಡಬ್ಬಿ, ಒಂದು ಸ್ಕೇಲು ಕೊಡಿ.